ಜೋಳದ ಚೀಲಕ್ಕಿಂತ ಹಗುರ, ನಮ್ಮ ಮುಗಿಲಿನ ಕಾವಲುಗಾರ

ಬಾಗಲಕೋಟೆ ಸಂತೆಯ ಲೆಕ್ಕದಲ್ಲಿ ಹೇಳಿದರೆ, ಕ್ವಿಂಟಲ್ ಜೋಳದ ಚೀಲಕ್ಕಿಂತ 8 ಕೆ.ಜಿ. ಕಡಿಮೆ. ‘ಯೂತ್‌ಸ್ಯಾಟ್’ ಉಪಗ್ರಹದ ತೂಕ ಅಷ್ಟೇ, 92 ಕೆ.ಜಿ. 2011ರ ಏಪ್ರಿಲ್ 20ರಂದು ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ–ಸಿ16 ರಾಕೆಟ್‌ನಲ್ಲಿ ದೊಡ್ಡ ಸವಾರ 1,206 ಕೆ.ಜಿ.ಯ ರಿಸೋರ್ಸ್‌ಸ್ಯಾಟ್–2. ಅದರ ಮಗ್ಗುಲಲ್ಲೇ ಹೋದ ಈ ಪುಟಾಣಿಯನ್ನು ಇವತ್ತು ನೆನೆಯುವವರು ಕಡಿಮೆ.

ಭಾರತ ಮತ್ತು ರಷ್ಯಾದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಕೈಜೋಡಿಸಿದ ಉಪಗ್ರಹವಿದು. ಸಿದ್ಧವಾದದ್ದು ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ. ಆ ಕೇಂದ್ರಕ್ಕೆ ಈಗ ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ಹೆಸರು. ಕಾಸ್ಮಿಕ್ ಕಿರಣಗಳ ಬೆನ್ನುಹತ್ತಿ ಸಂಶೋಧನೆಗೆ ಇಳಿದವರು ರಾವ್, ಹೆಸರು ಒಪ್ಪುತ್ತದೆ.

ಸೂರ್ಯ ಸಿಡಿದಾಗ ಎಕ್ಸ್‌–ಕಿರಣಗಳ ಜೊತೆಗೆ ಪ್ರೋಟಾನ್, ಎಲೆಕ್ಟ್ರಾನ್‌ಗಳೂ ಭಾರೀ ವೇಗದಲ್ಲಿ ತೂರಿಬರುತ್ತವೆ. ಮಾಸ್ಕೊ ವಿಶ್ವವಿದ್ಯಾಲಯದ ‘ಸೋಲ್‌ರ‍್ಯಾಡ್’ ಉಪಕರಣ ಹಿಡಿಯಹೊರಟಿದ್ದು ಇವನ್ನೇ. ಬಾದಾಮಿ, ಹುನಗುಂದದ ಮೇಲೆ ಭೂಮಿಯ ಕಾಂತರೇಖೆಗಳು ಹೆಚ್ಚೂಕಡಿಮೆ ನೆಲಕ್ಕೆ ಸಮಾನಾಂತರವಾಗಿ, ಹೊಲದ ಬದುವಿನಂತೆ ಅಡ್ಡ ಮಲಗಿವೆ. ದಾಟಿ ಒಳಬರಲು ಕಣಕ್ಕೆ ಅಪಾರ ಕಸುವು ಬೇಕು. ದಕ್ಷಿಣ ಭಾರತದ ಮೇಲಿನ ಈ ತಡೆ ಜಗತ್ತಿನಲ್ಲೇ ಅತಿ ಬಿಗಿಯಾದವುಗಳಲ್ಲಿ ಒಂದು. ಧ್ರುವಗಳಲ್ಲಿ ರೇಖೆಗಳು ನೆಲಕ್ಕೆ ಧುಮುಕುವುದರಿಂದ ಅಲ್ಲಿ ಬಾಗಿಲು ತೆರೆದೇ ಇದೆ. 822 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿದ್ದ ಯೂತ್‌ಸ್ಯಾಟ್ ಸುಮಾರು 100 ನಿಮಿಷಕ್ಕೊಮ್ಮೆ ಈ ತಡೆ, ಆ ಬಾಗಿಲು ಎರಡನ್ನೂ ನೋಡಿ ಬರುತ್ತಿತ್ತು. 2024ರ ಮೇ 10ರ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶ ಕೆಂಪೇರಿತು. ಇಳಕಲ್ಲಿನಲ್ಲಿ ಆ ರಾತ್ರಿ ಕೆಂಪಗಿದ್ದದ್ದು ಸೀರೆಯ ಸೆರಗು ಮಾತ್ರ.

ಹಾಗೆಂದು ನಮ್ಮ ಮುಗಿಲು ಸಾಧುವಲ್ಲ. ಅದರ ಕಿತಾಪತಿ ಅಯಾನುಗೋಳದಲ್ಲಿ, ಅಂದರೆ ಬಿಡಿ ಎಲೆಕ್ಟ್ರಾನ್‌ಗಳು ತುಂಬಿದ ಮೇಲಿನ ವಾತಾವರಣದ ಪದರದಲ್ಲಿ. ಯೂತ್‌ಸ್ಯಾಟ್‌ನ ‘ರ‍್ಯಾಬಿಟ್’ ಉಪಕರಣ 150 ಮತ್ತು 400 ಮೆಗಾಹರ್ಟ್ಸ್‌ನ ಎರಡು ರೇಡಿಯೊ ಅಲೆಗಳನ್ನು ನೆಲಕ್ಕೆ ಕಳಿಸುತ್ತಿತ್ತು. ನಡುವಿನ ಎಲೆಕ್ಟ್ರಾನ್‌ಗಳು ಎರಡನ್ನೂ ಬೇರೆಬೇರೆ ಪ್ರಮಾಣದಲ್ಲಿ ತಡವರಿಸುವಂತೆ ಮಾಡುತ್ತವೆ. ಆ ವ್ಯತ್ಯಾಸದಿಂದ ಎಲೆಕ್ಟ್ರಾನ್‌ಗಳ ಲೆಕ್ಕ ಸಿಗುತ್ತದೆ. ತಿರುವನಂತಪುರ, ಬೆಂಗಳೂರು, ಹೈದರಾಬಾದ್, ಭೋಪಾಲ, ದೆಹಲಿಯ ಗ್ರಾಹಕಗಳಿಗೆ ಓರೆಯಾಗಿ ಬಂದ ಅಲೆಗಳು ಹಾಸುಹೊಕ್ಕಿನಂತೆ ಒಂದನ್ನೊಂದು ಕತ್ತರಿಸಿದಲ್ಲಿ ಅಯಾನುಗೋಳದ ಸೀಳುಚಿತ್ರ ಮೂಡುತ್ತದೆ. ನಮ್ಮ ಜಿಲ್ಲೆ ಆ ಸಾಲಿಗೆ ತುಸು ಪಡುವಣಕ್ಕೆ, ಬೆಂಗಳೂರು–ಹೈದರಾಬಾದ್ ನಡುವಿನ ಅಕ್ಷಾಂಶದಲ್ಲಿದೆ.

ಹೊತ್ತು ಮುಳುಗಿದ ಮೇಲೆ, ಅದರಲ್ಲೂ ಹಗಲುರಾತ್ರಿ ಸಮನಾಗುವ ಮಾರ್ಚ್, ಸೆಪ್ಟೆಂಬರ್ ಆಸುಪಾಸು, ಈ ಪದರದಲ್ಲಿ ಎಲೆಕ್ಟ್ರಾನ್ ತೆಳುವಾದ ಗುಳ್ಳೆಗಳು ಮೇಲೇಳುತ್ತವೆ. ಅವುಗಳ ಮೂಲಕ ಬರುವ ಉಪಗ್ರಹ ಸಂಕೇತ ನಕ್ಷತ್ರದಂತೆ ಮಿನುಗುತ್ತದೆ. ಬಾದಾಮಿಯ ಬನಶಂಕರಿಯಿಂದ ಸಂಜೆ ಮರಳುವಾಗ ಫೋನಿನ ನಕ್ಷೆಯ ಚುಕ್ಕೆ ದಾರಿ ಬಿಟ್ಟು ಹೊಲಕ್ಕಿಳಿದರೆ, ತಪ್ಪು ಯಾವಾಗಲೂ ಗುಳ್ಳೆಯದೇ ಎನ್ನಲಾರೆ, ಒಮ್ಮೊಮ್ಮೆ ಹೌದು.