ಹಳಿಯೂ ಸವೆಯುತ್ತೆ ಸ್ವಾಮಿ!

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಘಾಟಿ ಇಳಿಯುವವರು ಕಿಟಕಿಯಾಚೆ ಕಾಡು ನೋಡುತ್ತಾರೆ, ಸುರಂಗ ಎಣಿಸುತ್ತಾರೆ. ಒಂದಲ್ಲ ಎರಡಲ್ಲ, 57! ಕೆಳಗಿನ ಹಳಿಯ ಗೊಡವೆ ಯಾರಿಗೂ ಇಲ್ಲ.

ತಿರುವಿನಲ್ಲಿ ಚಕ್ರದ ಅಂಚು ಹೊರಬದಿಯ ಹಳಿಯ ಪಕ್ಕೆಗೆ ಉಜ್ಜುತ್ತದೆ. ಹಾಗಾಗಿ ನೇರ ದಾರಿಗಿಂತ ಘಾಟಿಯಲ್ಲಿ ಸವಕಳಿ ಬೇಗ. ಕಣ್ಣಂದಾಜು ಸಾಲದು, ಹಳಿಯ ತಲೆಗೆ ಗೇಜು ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು. ಮೀಟರಿಗೆ 60 ಕಿಲೋ ತೂಗುವ ಹಳಿ ಮೇಲಿನಿಂದ 13 ಮಿ.ಮೀ., 52 ಕಿಲೋದ್ದಾದರೆ 8 ಮಿ.ಮೀ. ಸವೆದರೆ ಬದಲಿಸುವ ಕಾಲ ಬಂತೆಂದೇ ರೈಲ್ವೆ ನಿಯಮ. ಈಗಿನ ಅಳತೆಯನ್ನು ಹಿಂದಿನದರ ಜೊತೆ ಹೋಲಿಸಿದರೆ, ಮುಂದಿನ ಸರದಿ ಯಾವ ತಿರುವಿನದು ಅನ್ನೋದು ಮೊದಲೇ ತಿಳಿಯುತ್ತೆ.

ತಿಳಿದೂ ಸುಮ್ಮನಿದ್ದರೆ? ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಕಥೆ ಕೇಳಿ. ಅಲ್ಲಿನ ತಿರುವಿನ ಹಳಿ ಬಿರುಕು ಬಿಟ್ಟಿದ್ದು ಗೊತ್ತಿತ್ತು. ಹೊಸ ಹಳಿ ತಂದು ಪಕ್ಕದಲ್ಲೇ ಹಾಕಿಯೂ ಆಗಿತ್ತು. ಕೂರಿಸಿರಲಿಲ್ಲ, ಅಷ್ಟೆ. 2000ದ ಅಕ್ಟೋಬರ್ 17ರಂದು ಹಳೇ ಹಳಿ ನೂರಾರು ಚೂರಾಯಿತು. ರೈಲು ಉರುಳಿ ನಾಲ್ವರು ಸತ್ತರು.

ರಿಜಿಸ್ಟರಿನಲ್ಲಿ ಬರೆದಿಟ್ಟ ಅಳತೆ ರೈಲನ್ನು ಕಾಯೋದಿಲ್ಲ. ಹೊತ್ತಿಗೆ ಸರಿಯಾಗಿ ಹಳಿ ಬದಲಾಗಬೇಕು.