ಕಬ್ಬು ಹೇರೋ ಮುಂಚೆ ಟ್ರ್ಯಾಕ್ಟರ್‌ನ ಟೈ ರಾಡ್ ಎಂಡ್ ಒಮ್ಮೆ ನೋಡಿ

ಮಂಡ್ಯ ಕಡೆ ಒಂದೇ ಟ್ರ್ಯಾಕ್ಟರ್ ಭತ್ತದ ಕೆಸರುಗದ್ದೆಗೂ ಇಳಿಯುತ್ತೆ, ಕಬ್ಬು ತುಂಬಿದ ಟ್ರೇಲರ್ ಎಳ್ಕೊಂಡು ಫ್ಯಾಕ್ಟರಿಗೋ ಆಲೆಮನೆಗೋ ಹೋಗುತ್ತೆ. ಗದ್ದೆಯಲ್ಲಿ ಶುರುವಾದ ಒಂದು ಸವೆತ ರಸ್ತೆಯಲ್ಲಿ ಪ್ರಾಣಕ್ಕೆ ಬರಬಹುದು. ಅದು ಟೈ ರಾಡ್ ಎಂಡ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಬಾಲ್ ಜಾಯಿಂಟ್.

ಮುಂದಿನ ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಹಿಡಿದಿಡೋದು ಟೈ ರಾಡ್. ಅದರ ತುದಿಯಲ್ಲಿ ಒಂದು ಕಬ್ಬಿಣದ ಗುಂಡು, ಬಟ್ಟಲಿನಂಥ ಕಪ್ ಒಳಗೆ ಕೂತಿರುತ್ತೆ. ಮೇಲೆ ರಬ್ಬರ್ ಬೂಟ್, ಒಳಗೆ ಗ್ರೀಸ್. ಬೂಟ್ ಹರಿದರೆ ಕೆಸರುನೀರು ಒಳಗೆ ಹೋಗುತ್ತೆ, ಅದರ ಜೊತೆ ಮರಳೂ ಹೋಗುತ್ತೆ. ಆಮೇಲೆ ಸ್ಟೇರಿಂಗ್ ತಿರುಗಿಸಿದಷ್ಟು ಸಲ ಗುಂಡು ಅರೆದುಕೊಳ್ಳುತ್ತಾ ಹೋಗುತ್ತೆ. ತೀರಾ ಸವೆದ ಗುಂಡು ಒಂದು ದಿನ ಗುಂಡಿಯಲ್ಲಿ ಧಡ್ ಅಂದಾಗ ಕಪ್ ಬಿಟ್ಟು ಈಚೆ ಬರುತ್ತೆ. ಆಗ ಒಂದು ಚಕ್ರ ನಿಮ್ಮ ಮಾತು ಕೇಳಲ್ಲ. ಹಿಂದೆ ಲೋಡ್ ತಳ್ತಾ ಇರುತ್ತೆ, ಪಕ್ಕದಲ್ಲಿ ನಾಲೆ ಇರುತ್ತೆ.

ಸ್ಟೇರಿಂಗ್‌ನಲ್ಲಿ ಆಟ ಬಂದ್ರೆ ಕೈಗೇ ಗೊತ್ತಾಗುತ್ತೆ ಬಿಡಿ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಹಳೇ ಮೆಕ್ಯಾನಿಕಲ್ ಸ್ಟೇರಿಂಗ್‌ನಲ್ಲಿ ಇದು ಸ್ವಲ್ಪ ಮಟ್ಟಿಗೆ ನಿಜ. ಈಗ ಬರೋ ಪವರ್ ಸ್ಟೇರಿಂಗ್ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಸ್ಟೇರಿಂಗ್‌ಗೂ ಚಕ್ರಕ್ಕೂ ನಡುವೆ ಇರೋದು ಆಯಿಲ್ ಪೈಪ್ ಮಾತ್ರ. ಜಾಯಿಂಟ್ ಎಷ್ಟು ಲೊಡಲೊಡ ಅಂದರೂ ಕೈಗೆ ಹಗುರವಾಗೇ ಇರುತ್ತೆ. ಹಾಗಾಗಿ ಕೈಯನ್ನ ನಂಬಬೇಡಿ, ಜಾಯಿಂಟನ್ನೇ ನೋಡಿ.

ನೋಡೋದು ಹೀಗೆ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಜಾಯಿಂಟ್ ಸುತ್ತಲಿನ ಮಣ್ಣು ತೊಳೆಯಿರಿ. ಮನೆಯವರೊಬ್ಬರನ್ನ ಸೀಟ್ ಮೇಲೆ ಕೂರಿಸಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ. ಪವರ್ ಸ್ಟೇರಿಂಗ್ ಆದ್ರೆ ಇಂಜಿನ್ ಐಡಲ್‌ನಲ್ಲಿರಲಿ. ಅವರು ಸ್ಟೇರಿಂಗ್ ಅನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಚಕ್ರದ ಮುಂದೆ ಬರದೆ, ಕೈಯನ್ನೂ ಒಳಗೆ ಹಾಕದೆ, ದೂರದಿಂದ ಮೊಬೈಲ್ ಝೂಮ್ ಮಾಡಿ ವಿಡಿಯೋ ಹಿಡಿಯಿರಿ. ನಿಧಾನ ಮಾಡಿ ನೋಡಿದ್ರೆ ಸಾಕು: ರಾಡ್ ಮೊದಲು ಸರಿದು, ಚಕ್ರದ ಕಡೆಯ ಆರ್ಮ್ ಒಂದು ಕ್ಷಣ ತಡವಾಗಿ ಅಲ್ಲಾಡಿದರೆ ಆ ಜಾಯಿಂಟ್ ಹೋಗಿದೆ.

ಇನ್ನೂ ಅನುಮಾನ ಇದ್ದರೆ ಇಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿ. ಆಕ್ಸಲ್ ಕೆಳಗೆ ಮರದ ದಿಮ್ಮಿ ಇಡಲೇಬೇಕು, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಹೀಗೆ ಮಾತ್ರ ಆಡಿದರೆ ಮೊದಲ ಅನುಮಾನ ಟೈ ರಾಡ್ ಎಂಡ್ ಮೇಲೆ. 12 ಮತ್ತು 6ರಲ್ಲಿ ಹಿಡಿದಾಗಲೂ ಆಡಿದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ ಕಡೆ ನೋಡಬೇಕು. ಮುಂದಿನ ಟೈರ್ ಒಂದೇ ಅಂಚಲ್ಲಿ ಸವೆದಿದ್ರೆ ಅದೂ ಒಂದು ಸುಳಿವು.

ಸವೆದ ಕಪ್ಪನ್ನು ಬಿಸಿ ಮಾಡಿ ಬಡಿದು ಟೈಟ್ ಮಾಡಿ ಕೊಡೋರಿದ್ದಾರೆ. ವೆಲ್ಡಿಂಗ್ ಮಾಡೋರೂ ಇದ್ದಾರೆ. ನನ್ನ ಪ್ರಕಾರ ಇದು ದುಡ್ಡು ಉಳಿಸೋ ಜಾಗವೇ ಅಲ್ಲ. ಹೊಸದೇ ಹಾಕಿ. ಅಂಗಡಿಗೆ ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಯಾಕಂದ್ರೆ ಒಂದು ತುದಿಗೆ ಬಲ ಮರೆ, ಇನ್ನೊಂದಕ್ಕೆ ಎಡ ಮರೆ ಇರೋದುಂಟು.

ಬಿಚ್ಚೋ ಮುಂಚೆ ಎರಡೂ ಕಡೆ ಫೋಟೋ ತೆಗೆದುಕೊಳ್ಳಿ, ರಾಡ್‌ನ ಪೂರ್ತಿ ಉದ್ದ ಟೇಪ್‌ನಲ್ಲಿ ಅಳೆದು ಬರೆದಿಡಿ. ಜಾಯಿಂಟ್ ಇನ್ನೂ ಕೂತಿರುವಾಗಲೇ ಲಾಕ್ ನಟ್ ಅಥವಾ ಕ್ಲ್ಯಾಂಪ್ ಸಡಿಲಿಸಿ, ಆಗ ಸುಲಭ. ಸ್ಪ್ಲಿಟ್ ಪಿನ್ ತೆಗೆದು ಮೇಲಿನ ನಟ್ ಬಿಚ್ಚಿ, ಆದ್ರೆ ಪೂರ್ತಿ ತೆಗೆಯದೆ ಎರಡು ಮೂರು ಮರೆ ಹಿಡಿದಿರಲಿ. ಪುಲ್ಲರ್ ಇದ್ದರೆ ಒಳ್ಳೇದು. ಇಲ್ಲದಿದ್ರೆ ಬೋಲ್ಟ್ ತಲೆಗೆ ಹೊಡೀಬೇಡಿ, ಮರೆ ಹಾಳಾಗುತ್ತೆ. ಬೋಲ್ಟ್ ಕೂತಿರೋ ಆರ್ಮ್‌ನ ಒಂದು ಪಕ್ಕಕ್ಕೆ ದೊಡ್ಡ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕದಿಂದ ಇನ್ನೊಂದು ಸುತ್ತಿಗೆಯಲ್ಲಿ ಹೊಡೀರಿ. ನಾಲ್ಕೈದು ಏಟಿಗೆ ತಾನಾಗೇ ಬಿಡುತ್ತೆ. ಆಮೇಲೆ ಹಳೇ ಎಂಡ್ ತಿರುಗಿಸಿ ತೆಗೀವಾಗ ಎಷ್ಟು ಸುತ್ತು ಅಂತ ಬಾಯಲ್ಲಿ ಎಣಿಸಿ.

ಹೊಸದನ್ನು ಅಷ್ಟೇ ಸುತ್ತು ಒಳಗೆ ಹಾಕಿ. ಬೋಲ್ಟ್ ಕೂರುವ ತೂತು ಒರೆಸಿ ಒಣಗಿರಲಿ, ಅಲ್ಲಿ ಗ್ರೀಸ್ ಹಚ್ಚಬೇಡಿ. ನಟ್ ಬಿಗಿ ಮಾಡಿದಾಗ ಪಿನ್ ತೂತು ಹೊಂದದಿದ್ರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಪಿನ್‌ಗೋಸ್ಕರ ಎಂದೂ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ತಂತಿ, ಮೊಳೆ ಹಾಕಿ ಕಳಿಸೋದು ಬೇಡ. ಲಾಕ್ ನಟ್ ಬಿಗಿಯಾದ ಮೇಲೆ, ನಿಪ್ಪಲ್ ಇದ್ದರೆ ಬೂಟ್ ಅಂಚಲ್ಲಿ ಗ್ರೀಸ್ ಇಣುಕುವಷ್ಟು ಪಂಪ್ ಮಾಡಿ. ಬೂಟ್ ಬಲೂನ್ ಆಗೋವರೆಗೆ ಹೊಡೆದ್ರೆ ಹೊಸದೂ ಹರಿಯುತ್ತೆ.

ಕೊನೆಗೆ ಚಕ್ರದ ನೇರ. ಸ್ಟೇರಿಂಗ್ ನೇರ ಇಟ್ಟು, ಎರಡೂ ರಿಮ್‌ನ ಒಳ ಅಂಚಿಗೆ ಮುಂಭಾಗದಲ್ಲಿ ಹಬ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಡುವಿನ ಅಂತರ ಅಳೆಯಿರಿ. ಟ್ರ್ಯಾಕ್ಟರ್ ಮುಂದಕ್ಕೆ ತಳ್ಳಿ, ಅದೇ ಗುರುತು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಮುಂದಿನ ಅಳತೆ ಕೆಲವೇ ಮಿ.ಮೀ. ಕಡಿಮೆ ಇರಬೇಕು, ನಿಮ್ಮ ಮಾಡೆಲ್‌ಗೆ ಎಷ್ಟು ಅನ್ನೋದು ಮ್ಯಾನುಯಲ್‌ನಲ್ಲಿದೆ. ತರಕಾರಿ ಹೇರೋ ಪಿಕಪ್‌ಗೂ ಇದೇ ಪರೀಕ್ಷೆ, ಇದೇ ಬಿಚ್ಚುವ ಕ್ರಮ. ಆದರೆ ಅದು ವೇಗವಾಗಿ ಓಡೋ ಗಾಡಿ, ಟೇಪ್ ಅಳತೆ ಸಾಲದು. ಎಂಡ್ ಹಾಕಿದ ದಿನವೇ ಅಲೈನ್‌ಮೆಂಟ್ ಅಂಗಡಿಗೆ ನಿಧಾನವಾಗಿ ಓಡಿಸ್ಕೊಂಡು ಹೋಗಿ. ಟ್ರ್ಯಾಕ್ಟರ್ ಆದ್ರೆ ಖಾಲಿ ಟ್ರೇಲರ್‌ನಲ್ಲಿ ಒಂದು ದಿನ ಓಡಿಸಿ, ಲಾಕ್ ನಟ್‌ಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಆಮೇಲೆ ಕಬ್ಬು ಹೇರಿ.