ಹೂವಿನ ಹತ್ತಿರ ಹೋಗುವುದು ಹೇಗೆ?

ಹೂವಿನ ಚಿತ್ರ ತೆಗೆಯುವುದು ಬಹಳ ಸುಲಭವೆಂಬ ನಂಬಿಕೆ ನಮ್ಮಲ್ಲಿದೆ. ಹೂವು ಹಕ್ಕಿಯಂತೆ ಹಾರಿಹೋಗುವುದಿಲ್ಲ. ಬೇಕಾದಷ್ಟು ಹೊತ್ತು ಎದುರಿಗೇ ಇರುತ್ತದೆ. ಆದರೂ ಮೊದಲ ಸಲ ತೀರ ಹತ್ತಿರದಿಂದ ತೆಗೆದ ಚಿತ್ರಗಳನ್ನು ನೋಡಿದರೆ ನಿರಾಸೆಯೇ ಹೆಚ್ಚು. ಒಂದು ದಳ ಸ್ಪಷ್ಟವಾಗಿದ್ದರೆ ಉಳಿದದ್ದೆಲ್ಲ ಮಸುಕು. ಆಗ ಕ್ಯಾಮೆರಾ ಸರಿಯಿಲ್ಲವೆಂದೋ, ಮಸೂರ ಅಗ್ಗದ್ದೆಂದೋ ದೂರುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಅದು ಕ್ಯಾಮೆರಾದ ತಪ್ಪಲ್ಲ, ಬೆಳಕಿನ ನಿಯಮ.

ಕ್ಯಾಮೆರಾ ವಸ್ತುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಪದರ ತೆಳುವಾಗುತ್ತ ಹೋಗುತ್ತದೆ. 36 ಮಿ.ಮೀ. ಅಗಲದ ಚಿತ್ರ ಮೂಡುವ ಫಿಲಂ, ಅಥವಾ ಅದೇ ಅಳತೆಯ ಸೆನ್ಸರ್ ಇರುವ ಕ್ಯಾಮೆರಾವನ್ನು ತೆಗೆದುಕೊಳ್ಳೋಣ. 1 ಸೆಂ.ಮೀ. ಹೂವು ಸೆನ್ಸರಿನ ಮೇಲೂ 1 ಸೆಂ.ಮೀ. ಆಗಿಯೇ ಮೂಡುವಷ್ಟು ಹತ್ತಿರ ಹೋದರೆ, ಎಫ್ 8ರಲ್ಲಿ ಸ್ಪಷ್ಟವಾಗಿರುವ ಪದರದ ದಪ್ಪ ಸುಮಾರು 1 ಮಿ.ಮೀ. ಮಾತ್ರ. ಮಸೂರದ ರಂಧ್ರವನ್ನು ಎಫ್ 16ಕ್ಕೆ ಕಿರಿದುಗೊಳಿಸಿದರೆ ಅದು 2 ಮಿ.ಮೀ. ಆಗುತ್ತದೆ, ಆದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅದರ ಬದಲು ಸ್ವಲ್ಪ ಹಿಂದೆ ಸರಿದು, ಹೂವು ಅರ್ಧದಷ್ಟೇ ದೊಡ್ಡದಾಗಿ ಮೂಡುವಂತೆ ಮಾಡಿದರೆ, ಎಫ್ 8ರಲ್ಲೇ ಸುಮಾರು 3 ಮಿ.ಮೀ. ಸಿಗುತ್ತದೆ. ಹೊಸಬರಿಗೆ ಇದೇ ಮೊದಲ ಲಾಭದ ಪಾಠ: ಒಂದು ಗೇಣು ಹಿಂದೆ ಸರಿಯಿರಿ.

ಹೂವಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಬರುವುದಿಲ್ಲ ಎಂದಮೇಲೆ, ಯಾವುದು ಸ್ಪಷ್ಟವಾಗಿರಬೇಕೆಂದು ಆರಿಸುವವರು ನೀವೇ. ಅದನ್ನು ಕ್ಯಾಮೆರಾದ ತೀರ್ಮಾನಕ್ಕೆ ಬಿಟ್ಟರೆ ಅದು ಸಾಮಾನ್ಯವಾಗಿ ಮುಂದೆ ಚಾಚಿರುವ ದಳವನ್ನೋ ಹಿಂದಿನ ಎಲೆಯನ್ನೋ ಹಿಡಿದುಬಿಡುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಕಲಿಯಲು ತಂಬಾಕಿನ ಹೂವಿಗಿಂತ ಒಳ್ಳೆಯ ಗುರು ಸಿಗಲಾರದು. ತೆಳು ಗುಲಾಬಿ ಬಣ್ಣದ, ಕಹಳೆಯಾಕಾರದ ಹೂವು. ಉದ್ದ ಸುಮಾರು 5 ಸೆಂ.ಮೀ. ಎದುರಿನಿಂದ ತೆಗೆದರೆ ಕಹಳೆಯ ಬಾಯಿ ಸ್ಪಷ್ಟವಾಗಿ, ಕೊಳವೆಯೆಲ್ಲ ಮಸುಕಾಗಿ ಬರುತ್ತದೆ. ಅದೇ ಹೂವನ್ನು ಪಕ್ಕದಿಂದ, ಕ್ಯಾಮೆರಾದ ಬೆನ್ನು ಕೊಳವೆಗೆ ಸಮಾನಾಂತರವಾಗಿರುವಂತೆ ಹಿಡಿದು ತೆಗೆಯಿರಿ. ತೊಟ್ಟಿನಿಂದ ಅಂಚಿನವರೆಗೆ ಕೊಳವೆಯ ಹತ್ತಿರದ ಬದಿ ಪೂರ್ತಿ ನಿಚ್ಚಳವಾಗುತ್ತದೆ. ಹೂವು ಅದೇ, ಮಸೂರ ಅದೇ. ನೀವು ನಿಂತ ಜಾಗ ಮಾತ್ರ ಬೇರೆ.

ಆದರೆ ಈ ಗುರು ಹೆಚ್ಚು ದಿನ ಕಾಯುವುದಿಲ್ಲ. ಮುಂಗಾರಿನಲ್ಲಿ ನಾಟಿಯಾದ ಗಿಡ ಹೂ ತೆಗೆಯುತ್ತಿದ್ದಂತೆ ರೈತರು ಕುಡಿ ಮುರಿಯುತ್ತಾರೆ. ಬೀಜಕ್ಕೆ ಹೋಗುವ ಸಾರ ಎಲೆಗೆ ಸೇರಿ ಎಲೆ ದಪ್ಪವಾಗಲಿ ಎಂಬುದು ಉದ್ದೇಶ. ಆದ್ದರಿಂದ ಹೊಲದೊಡೆಯರನ್ನು ಮೊದಲೇ ಮಾತನಾಡಿಸಿ. “ಅಣ್ಣಾ, ಕುಡಿ ಮುರಿಯೋದು ಯಾವತ್ತು?” ಎಂದು ಕೇಳಿದರೆ ದಿನವೂ ತಿಳಿಯುತ್ತದೆ, ಹೊಲಕ್ಕೆ ಇಳಿಯಲು ಅನುಮತಿಯೂ ದೊರೆಯುತ್ತದೆ. ಇನ್ನೊಂದು ಎಚ್ಚರಿಕೆ ಬೇಕು. ಮಳೆಯಿಂದಲೋ ಇಬ್ಬನಿಯಿಂದಲೋ ಒದ್ದೆಯಾದ ತಂಬಾಕಿನ ಎಲೆ ಬರಿಮೈಗೆ ತಾಗಿದರೆ ಅದರ ನಿಕೋಟಿನ್ ಚರ್ಮದ ಮೂಲಕ ದೇಹಕ್ಕೆ ಸೇರಿ ತಲೆಸುತ್ತು, ವಾಂತಿ ಬರಬಹುದು. ಎಲೆ ಆರಿದ ಮೇಲೆ, ತುಂಬುತೋಳಿನ ಅಂಗಿ ತೊಟ್ಟು, ಸಾಲಿನ ಅಂಚಿನಲ್ಲಿರುವ ಗಿಡಗಳನ್ನೇ ಆರಿಸಿಕೊಳ್ಳಿ. ಎಲೆಯ ಅಂಟು ಕೈಗೆ ಹತ್ತುತ್ತದೆ. ಅದೇ ಕೈಯಿಂದ ಮಸೂರ ಮುಟ್ಟಬೇಡಿ.

ಗೌರಿ ಹಬ್ಬದ ಹೊತ್ತಿಗೆ ಬೇಲಿಗಳಲ್ಲಿ ಅರಳುವ ಗೌರಿ ಹೂವು, ಅಂದರೆ ಅಗ್ನಿಶಿಖೆ, ಇನ್ನೂ ಕಠಿಣವಾದ ಪರೀಕ್ಷೆ ಒಡ್ಡುತ್ತದೆ. ಇದರ ಆರು ದಳಗಳು ಹಿಂದಕ್ಕೆ ಮಡಚಿ ಜ್ವಾಲೆಯಂತೆ ಮೇಲೇಳುತ್ತವೆ. ಆರು ಕೇಸರಗಳು ಬಂಡಿಚಕ್ರದ ಅರಗಳಂತೆ ಸುತ್ತಲೂ ಚಾಚುತ್ತವೆ. ಪಕ್ಕದಿಂದ ನೋಡಿದರೆ ಕೆಲವು ಕೇಸರಗಳು ನಿಮ್ಮ ಕಡೆಗೆ, ಕೆಲವು ಆಚೆಗೆ ಇರುವುದರಿಂದ ಎಲ್ಲವನ್ನೂ ಒಟ್ಟಿಗೆ ಹಿಡಿಯಲಾಗದು. ಆಗ ಹತ್ತಿರದ ಪರಾಗಕೋಶವೊಂದನ್ನೇ ನಂಬಿ ಅದರ ಮೇಲೆ ಫೋಕಸ್ ಮಾಡಿ. ಎಲ್ಲ ಕೇಸರಗಳೂ ಬೇಕೆಂದರೆ ನೆಲಕ್ಕೆ ಕುಳಿತು ಕೆಳಗಿನಿಂದ ನೋಡಿ. ಅವು ಬಹುಮಟ್ಟಿಗೆ ಒಂದೇ ಮಟ್ಟದಲ್ಲಿ ಕಾಣುತ್ತವೆ. ಹಿಂದೆ ಬಿಳಿ ಮೋಡವಿದ್ದರೆ ಹೂವು ಕಪ್ಪಾಗುವುದರಿಂದ ಬೆಳಕನ್ನು ಒಂದು ಹೆಜ್ಜೆ ಏರಿಸಬೇಕಾದೀತು. ಗಿಡದ ಎಲ್ಲ ಭಾಗಗಳೂ, ವಿಶೇಷವಾಗಿ ಗೆಡ್ಡೆ, ವಿಷವೆಂಬುದು ನೆನಪಿರಲಿ.

ಇನ್ನು ಗಾಳಿ. ಆಷಾಢದ ಗಾಳಿ ಬೀಸುವಾಗ ಈ ನಾಲ್ಕು ತಾಲ್ಲೂಕುಗಳ ಬಯಲಿನಲ್ಲಿ ಹೂವಿನ ಚಿತ್ರ ತೆಗೆಯಲು ಹೊರಡುವುದು ತಾಳ್ಮೆಯನ್ನು ಪರೀಕ್ಷಿಸಿಕೊಂಡಂತೆ! ಹೂವು ದೊಡ್ಡದಾಗಿ ಮೂಡಿದಷ್ಟೂ ಅದರ ಅಲುಗಾಟವೂ ದೊಡ್ಡದಾಗಿ ಮೂಡುತ್ತದೆ. ಸೂರ್ಯೋದಯದ ನಂತರದ ಒಂದು ಗಂಟೆ ಸಾಮಾನ್ಯವಾಗಿ ಗಾಳಿ ಕಡಿಮೆ, ಬೆಳಕೂ ಮೃದು. ಶಟರ್ ವೇಗ ಸೆಕೆಂಡಿನ 250ನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಇರಲಿ. ಗಿಡದ ಪಕ್ಕ ಒಂದು ಕಡ್ಡಿ ನೆಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಾಂಡವನ್ನು ಹಗುರವಾಗಿ ಅದಕ್ಕೆ ಸೇರಿಸಿದರೆ ಅರ್ಧ ತೊಂದರೆ ಕಳೆಯಿತು. ಗೆಳೆಯನೊಬ್ಬ ಗಾಳಿ ಬರುವ ಕಡೆ ಕೊಡೆ ಹಿಡಿದರೆ ಇನ್ನೂ ಒಳ್ಳೆಯದು. ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಕಾಡಂಚಿನವರಿಗೆ ಮಾತ್ರ ಈ ಮುಂಜಾವಿನ ಸಲಹೆ ಅನ್ವಯಿಸದು. ಆ ಹೊತ್ತು ಆನೆಗಳು ಓಡಾಡುವ ಹೊತ್ತೂ ಹೌದು. ಊರೊಳಗಿನ ಹಿತ್ತಲು, ಶಾಲೆಯ ಕೈತೋಟ ನಿಮಗೆ ಸಾಕು. ನಾಗರಹೊಳೆಯ ಕಾಡಿನೊಳಗೆ ಅನುಮತಿಯಿಲ್ಲದೆ ಕಾಲಿಡುವಂತೆಯೂ ಇಲ್ಲ.

ಬೆಳಕಿನ ವಿಷಯದಲ್ಲಿ ತುಂಬೆ ಹೂವು ಒಂದು ವಿಚಿತ್ರ ಪಾಠ ಕಲಿಸುತ್ತದೆ. ಕಡುಹಸಿರಿನ ನಡುವೆ ಚಿಕ್ಕ ಬಿಳಿ ಹೂವು ಇದ್ದಾಗ ಕ್ಯಾಮೆರಾ ಹಸಿರನ್ನು ನೋಡಿ “ಬೆಳಕು ಸಾಲದು” ಎಂದು ತಿಳಿಯುತ್ತದೆ. ಪರಿಣಾಮವಾಗಿ ಹೂವು ಸುಣ್ಣ ಬಳಿದಂತೆ ಬಿಳುಚಿಕೊಳ್ಳುತ್ತದೆ, ದಳದ ಗೆರೆಗಳು ಅಳಿಸಿಹೋಗುತ್ತವೆ. ಇಲ್ಲಿ ಬೆಳಕನ್ನು ಒಂದು ಹೆಜ್ಜೆ ಇಳಿಸಬೇಕು. ಆದರೆ ಬಿಳಿ ದಾಸವಾಳವೊಂದು ಇಡೀ ಚಿತ್ರವನ್ನು ತುಂಬಿಕೊಂಡಿದ್ದರೆ ಕ್ಯಾಮೆರಾ ತಿರುಗಿ ಮೋಸಹೋಗಿ ಅದನ್ನು ಬೂದಿ ಬಣ್ಣ ಮಾಡುತ್ತದೆ; ಅಲ್ಲಿ ಏರಿಸಬೇಕು. ಮೊಬೈಲ್ ಫೋನಿನಲ್ಲಾದರೆ ಪರದೆಯ ಮೇಲೆ ಹೂವನ್ನು ಒತ್ತಿ, ಬೆಳಕು ಹೊಂದಿಸುವ ಗುರುತನ್ನು ಬೆರಳಿನಿಂದ ಸರಿಸಿದರೆ ಆಯಿತು. ನಡುಹಗಲಿನ ಬಿಸಿಲು ಹೂವಿಗೆ ಗಡುಸು ನೆರಳು ತರುತ್ತದೆ. ಅಪ್ಪನ ಬಿಳಿ ಪಂಚೆಯನ್ನು ಹೂವಿನ ಮೇಲೆ ಚಪ್ಪರದಂತೆ ಹಿಡಿದರೆ ಅದೇ ಬಿಸಿಲು ಸೋಸಿ ಬೀಳುತ್ತದೆ. ನೆರಳಿನ ಕಡೆ ಒಂದು ಬಿಳಿ ಹಾಳೆ ಹಿಡಿದರೆ ಅಲ್ಲೂ ಬೆಳಕು ತುಂಬುತ್ತದೆ.

ಉಪಕರಣಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಮ್ಯಾಕ್ರೋ ಮಸೂರ ದುಬಾರಿ. 50 ಮಿ.ಮೀ. ಮಸೂರದ ಹಿಂದೆ 50 ಮಿ.ಮೀ. ಉದ್ದದ ಟೊಳ್ಳು ಕೊಳವೆ ಸೇರಿಸಿದರೂ ಸಮಪ್ರಮಾಣದ ಚಿತ್ರ ಸಿಗುತ್ತದೆ. ಕೊಳವೆಯೊಳಗೆ ಗಾಜೇ ಇಲ್ಲ, ಬೆಲೆ ಕಡಿಮೆ. ಫೋನಿನ ಸೆನ್ಸರ್ ಚಿಕ್ಕದು. ಆದ್ದರಿಂದ ಅದರಲ್ಲಿ ಸ್ಪಷ್ಟ ಪದರ ಹೆಚ್ಚು ದಪ್ಪವಾಗಿರುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು: ಹಿಂದಿರುವ ತಂತಿಬೇಲಿ, ಪ್ಲಾಸ್ಟಿಕ್ ಚೀಲ ಎಲ್ಲವೂ ಚಿತ್ರದಲ್ಲಿ ಕಾಣುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹೂವಿನ ಹಿಂದೆ ದೂರದ ಗದ್ದೆಯೋ ಕೆಮ್ಮಣ್ಣಿನ ದಿಣ್ಣೆಯೋ ಬರುವಂತೆ ನೋಡಿಕೊಳ್ಳಿ.

ಕೃಷ್ಣರಾಜನಗರದ ನಾಲೆ ಬಯಲಿನವರು ಭತ್ತದ ಹೂವನ್ನು ಪ್ರಯತ್ನಿಸಬಹುದು. ಅದನ್ನು ಹೂವೆಂದು ಗುರುತಿಸುವವರೇ ವಿರಳ. ಇಲ್ಲಿ ಮುಂಜಾವಿನ ನಿಯಮ ನಡೆಯುವುದಿಲ್ಲ. ಬಿಸಿಲೇರಿದ ಮೇಲೆ, ಸಾಮಾನ್ಯವಾಗಿ 9ರಿಂದ 12 ಗಂಟೆಯ ನಡುವೆ, ಕಾಳಿನ ಹೊಟ್ಟು ಬಾಯಿ ಬಿಟ್ಟು ಆರು ಪುಟ್ಟ ಕೇಸರಗಳು ಹೊರಗೆ ತೂಗಾಡುತ್ತವೆ. ಒಂದು ಗಂಟೆಯ ಆಸುಪಾಸಿನಲ್ಲಿ ಹೊಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಉಸಿರಿಗೂ ತೆನೆ ಅಲುಗುವುದುಂಟು. ಗದ್ದೆಗೆ ಇಳಿಯದೆ ಬದುವಿನ ಮೇಲೆಯೇ ಕುಳಿತು, ಫೋಕಸ್ ಬಳೆಯನ್ನು ಒಂದೆಡೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಹಿಂದುಮುಂದು ಮಾಡುತ್ತ ಚಿತ್ರ ತೆಗೆಯಿರಿ. ಫಿಲಂ ಸುರುಳಿಯಲ್ಲಿ 36 ಚಿತ್ರಗಳಷ್ಟೇ ಇದ್ದ ಕಾಲದಲ್ಲಿ ನಮ್ಮ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ನಿಸರ್ಗದ ಚಿತ್ರ ತೆಗೆದರು. ನಿಮಗೆ ಆ ಮಿತಿಯಿಲ್ಲ; ಇಪ್ಪತ್ತು ತೆಗೆದು ಒಂದನ್ನು ಉಳಿಸಿಕೊಳ್ಳಬಹುದು.

ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಸಂಗ್ರಹಕ್ಕೆಂದು ಅಗ್ನಿಶಿಖೆಯಂಥ ಗಿಡವನ್ನು ಗೆಡ್ಡೆಸಹಿತ ಕೀಳುವ ಅಭ್ಯಾಸ ಒಳ್ಳೆಯದಲ್ಲ. ಮರುವರ್ಷ ಆ ಬೇಲಿಯಲ್ಲಿ ಹೂವಿರುವುದಿಲ್ಲ. ಗಿಡವನ್ನು ಗುರುತಿಸಲು ಹೆಚ್ಚಿನ ವೇಳೆ ಚಿತ್ರವೇ ಸಾಕು, ಆದರೆ ಬರೀ ಚೆಂದದ ಚಿತ್ರ ಸಾಲದು. ಹೂವಿನ ಎದುರು ನೋಟ, ಪುಷ್ಪಪಾತ್ರೆ ಕಾಣುವ ಪಕ್ಕದ ನೋಟ, ಎಲೆಗಳು ಕಾಂಡದ ಮೇಲೆ ಜೋಡಣೆಯಾಗಿರುವ ಬಗೆ, ಇಷ್ಟನ್ನು ಬೇರೆಬೇರೆಯಾಗಿ ತೆಗೆಯಿರಿ. ಒಂದರಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇರಲಿ. ದಿನಾಂಕ, ಊರು, ಹೂವು ಅರಳಿದ್ದ ಗಂಟೆ, ಅಲ್ಲಿಯ ಜನ ಕರೆಯುವ ಹೆಸರು, ಇವನ್ನು ಅಂದೇ ಪುಸ್ತಕದಲ್ಲಿ ಬರೆದಿಡಿ. ತಂಬಾಕಿನ ಹೂವಾದರೆ ಕುಡಿ ಮುರಿದ ದಿನವನ್ನೂ ಸೇರಿಸಿ.